ಹೂವಿನ ಲೆಕ್ಕದಲ್ಲಿ ಟಿಕೆಟ್ ಮಾಡಬೇಡಿ

ಪ್ರಶ್ನೆ: ಟೀಚರೇ, ನನಗೆ 64, ಹೆಂಡತಿಗೆ 60. ಮಗಳು-ಅಳಿಯ ವಾಷಿಂಗ್ಟನ್ ಹತ್ತಿರ ಇದ್ದಾರೆ. ಚೆರಿ ಹೂವಿನ ಹಬ್ಬಕ್ಕೆ ಬನ್ನಿ ಅಂತ ಮಗಳ ಹಠ. ಮಾರ್ಚ್ 25ಕ್ಕೆ ಹೋಗಿ, ಏಪ್ರಿಲ್ 8ಕ್ಕೆ ಹೊರಟು, ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಊರು ಸೇರುವುದು ಅಂತ ಲೆಕ್ಕ ಹಾಕಿದ್ದೇವೆ. ತೋಟಕ್ಕೆ ನೀರು ಬಿಡುವ ಸಮಯ ಬೇರೆ. ಅಷ್ಟರಲ್ಲಿ ಹೂ ನೋಡಲಿಕ್ಕೆ ಸಿಗುತ್ತದಾ? ಹೆಂಡತಿಗೆ ಮೊಣಗಂಟು ನೋವು. ಎಷ್ಟು ನಡೆಯಬೇಕು?
– ಪೆರ್ಲದ ಓದುಗರು

ಉತ್ತರ: ನಿಮ್ಮ ಲೆಕ್ಕ ಓದಿ ನಗು ಬಂತು, ಬೇಸರ ಮಾಡಬೇಡಿ. 2024ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲು, ಅದೇ ಹೂವಿನ ಸಮಯ ಅಂತ ಎಲ್ಲರೂ ಹೇಳಿದ್ದರು. ಮಾರ್ಚ್ 28ಕ್ಕೆ ಅಲ್ಲಿ ಇಳಿದೆ. ಹೂವು 17ಕ್ಕೇ ಪೂರ್ತಿ ಅರಳಿ, ಉದುರುವುದಕ್ಕೂ ಶುರುವಾಗಿ ಆಗಿತ್ತು.

ಮಗಳು ವಿಮಾನ ನಿಲ್ದಾಣದಲ್ಲೇ "ಅಮ್ಮ, ಸಾರಿ" ಅಂದಳು. ಅವಳೇನು ಮಾಡಿಯಾಳು! ಮರುದಿನ ಬೆಳಿಗ್ಗೆ ಟೈಡಲ್ ಬೇಸಿನ್‌ಗೆ ಕರೆದುಕೊಂಡು ಹೋದಳು. ಪೊಟೋಮ್ಯಾಕ್ ನದಿಯ ಪಕ್ಕದಲ್ಲಿ ಒಂದು ದೊಡ್ಡ ಕೆರೆ ಅಂತ ತಿಳ್ಕೊಳ್ಳಿ, ಸುತ್ತ ಚೆರಿ ಮರಗಳು. ಫೋಟೋದಲ್ಲಿ ನಾವು ನೋಡುವ ಬಿಳಿ ಮೋಡದಂಥ ಹೂವಿನ ಬದಲು ಎಳೆ ಹಸಿರು ಎಲೆ. ನೀರಿನ ಅಂಚಿನಲ್ಲಿ ಎಸಳು ಕೆನೆ ಕಟ್ಟಿದ ಹಾಗೆ ನಿಂತಿತ್ತು. ಚೆಂದವೇ ಇತ್ತು. ಆದರೆ ಊಟ ಮುಗಿದ ಮೇಲೆ ಹಂತಿಗೆ ಬಂದ ಹಾಗಾಯಿತು.

ಅಲ್ಲಿ ಜಾಸ್ತಿ ಇರುವ ಜಾತಿಯ ಹೆಸರು ಯೋಶಿನೋ. ಅದರ ಹೂವು ನೂರಕ್ಕೆ 70ರಷ್ಟು ಅರಳಿದ ದಿನವನ್ನು ಪಾರ್ಕಿನವರು 'ಪೀಕ್ ಬ್ಲೂಮ್' ಅಂತ ಲೆಕ್ಕ ಹಿಡಿಯುತ್ತಾರೆ. ಈ ದಿನ 1990ರಲ್ಲಿ ಮಾರ್ಚ್ 15ಕ್ಕೇ ಬಂದಿತ್ತು. 1958ರಲ್ಲಿ ಏಪ್ರಿಲ್ 18ರವರೆಗೆ ಕಾಯಿಸಿತ್ತು. ಒಂದು ತಿಂಗಳಿಗೂ ಮಿಕ್ಕಿದ ವ್ಯತ್ಯಾಸ, ನೋಡಿ. ಚಳಿ ಹೇಗೆ ಬಿಡುತ್ತದೆ ಅನ್ನುವುದರ ಮೇಲೆ ಎಲ್ಲ. ಹತ್ತು ದಿನಕ್ಕಿಂತ ಮೊದಲು ಸರಿಯಾಗಿ ಹೇಳುವುದು ಹೆಚ್ಚುಕಡಿಮೆ ಅಸಾಧ್ಯ ಅಂತ ಅವರೇ ಒಪ್ಪುತ್ತಾರೆ. ನಾವು ಟಿಕೆಟ್ ಮಾಡುವುದು ನಾಲ್ಕು ತಿಂಗಳು ಮೊದಲು! ಅರಳಿದ ಮೇಲೂ ಒಂದು ಮಳೆ, ಒಂದು ಜೋರು ಗಾಳಿ ಸಾಕು, ಮುಗಿಯಿತು.

ನಮ್ಮ ಹಳದಿ ಕೊನ್ನೆ (ಕಕ್ಕೆ) ಹೂ ಏನು ಕಡಿಮೆಯಾ? ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಗೆ ಬೇಕು ಅಂತ ನಾವು ಕಾಯುತ್ತಿದ್ದರೆ ಅದು ಕೆಲವು ವರ್ಷ ಮಾರ್ಚಿನಲ್ಲೇ ಅರಳಿ ಉದುರಿರುತ್ತದೆ. ಆಮೇಲೆ ಪೇಟೆಯಲ್ಲಿ ಪ್ಲಾಸ್ಟಿಕ್ ಕೊನ್ನೆ ಹುಡುಕುವುದು.

ನನ್ನನ್ನು ಉಳಿಸಿದ್ದು ಟಿಕೆಟ್. ಐದು ವಾರದ್ದು ಮಾಡಿದ್ದೆ. ಯೋಶಿನೋ ಆಗಿ ಸುಮಾರು ಎರಡು ವಾರಕ್ಕೆ ಕ್ವಾಂಝನ್ ಅನ್ನುವ ಇನ್ನೊಂದು ಜಾತಿ ಅರಳುತ್ತದೆ. ಯೋಶಿನೋಗೆ ಐದೇ ಎಸಳು, ಬಣ್ಣ ಹೆಚ್ಚುಕಡಿಮೆ ಬಿಳಿ. ಇದು ಗಾಢ ಗುಲಾಬಿ, ಎಸಳಿನ ಮೇಲೆ ಎಸಳು, ಬಟನ್ ಗುಲಾಬಿಯ ಗೊಂಚಲನ್ನು ಕೊಂಬೆಗೆ ಕಟ್ಟಿ ನೇತು ಹಾಕಿದ ಹಾಗೆ. ಈಸ್ಟ್ ಪೊಟೋಮ್ಯಾಕ್ ಪಾರ್ಕ್ ಅಂತ ಇದೆ, ಅಲ್ಲಿ ತುಂಬಾ ಇವೆ. ಜನವೂ ಕಡಿಮೆ. ಒಂದು ಮರದ ಅಡಿಯಲ್ಲಿ ಚಾಪೆ ಹಾಸಿ, ಮಗಳು ತಂದ ಮೊಸರನ್ನ, ನಾನು ಒಯ್ದ ಮಿಡಿ ಉಪ್ಪಿನಕಾಯಿ ತಿಂದೆವು. ನನಗೆ ಹಬ್ಬ ಆದದ್ದು ಅವತ್ತು. ಫೋಟೋಕ್ಕೆ ಎಲ್ಲರೂ ಯೋಶಿನೋ ಹಿಂದೆ ಓಡುತ್ತಾರೆ. ನನ್ನನ್ನು ಕೇಳಿದರೆ ಕ್ವಾಂಝನೇ ಚೆಂದ.

ಹಾಗಾಗಿ ನೀವು ಎರಡು ವಾರಕ್ಕೆ ಹೋಗಬೇಡಿ. ಮಾರ್ಚ್ ಮಧ್ಯಕ್ಕೆ ಇಳಿದು ಏಪ್ರಿಲ್ 20ರ ಸುಮಾರಿಗೆ ಹೊರಟರೆ ಎರಡರಲ್ಲಿ ಒಂದು ಹೂವಾದರೂ ಸಿಕ್ಕೀತು. ಅಷ್ಟು ದಿನ ಇರಲಿಕ್ಕಾಗದಿದ್ದರೆ ಮಗಳನ್ನು ನೋಡಲಿಕ್ಕೆ ಅಂತ ಹೋಗಿ, ಹೂ ಸಿಕ್ಕಿದರೆ ಲಾಭ. ಬಿಸು ಅಲ್ಲೇ ಮಾಡಿದರಾಯಿತು. ನಾವು ಕೊನ್ನೆಯ ಬದಲು ಅಂಗಡಿಯ ಹಳದಿ ಡ್ಯಾಫೊಡಿಲ್ ಇಟ್ಟೆವು. ಕಣಿಗೆ ಸೌತೆಕಾಯಿ ಹುಡುಕಿ ಸಾಕಾಯಿತು. ಕೊನೆಗೆ ಇಂಡಿಯನ್ ಅಂಗಡಿಯಲ್ಲಿ ತೆಲುಗಿನವರ ದೋಸಕಾಯ ಸಿಕ್ಕಿತು. ಅದೂ ಹಳದಿಯೇ, ಕಣಿ ನಡೆಯಿತು.

ಮೊಣಗಂಟಿನ ವಿಷಯ. ಟೈಡಲ್ ಬೇಸಿನ್ ಒಂದು ಸುತ್ತು ಬರಲಿಕ್ಕೆ ಸುಮಾರು ಮೂರು ಕಿಲೋಮೀಟರ್. ನೆಲ ಸಮತಟ್ಟು, ನಮ್ಮ ಗುಡ್ಡದ ದಾರಿ ಹಾಗಲ್ಲ. ಪೂರ್ತಿ ಸುತ್ತಲೇಬೇಕು ಅಂತಲೂ ಇಲ್ಲ. ಮೆಟ್ರೋದಲ್ಲಿ ಸ್ಮಿತ್‌ಸೋನಿಯನ್ ಸ್ಟೇಶನಿನಲ್ಲಿ ಇಳಿಯಿರಿ, ಅಲ್ಲಿಂದ ಕಾಲು ಗಂಟೆಯ ನಡಿಗೆ. ನಿಮ್ಮವರು ನಿಧಾನ ಆದರೆ ಇಪ್ಪತ್ತೈದು ನಿಮಿಷ ಅನ್ನಿ. ಕಾರಿನಲ್ಲಿ ಹೋದರೆ ನಿಲ್ಲಿಸಲಿಕ್ಕೆ ಜಾಗ ಹುಡುಕುವುದರಲ್ಲೇ ಅಳಿಯನ ತಾಳ್ಮೆ ಮುಗಿಯುತ್ತದೆ. ಕೆಲಸದ ದಿನ, ಬೆಳಿಗ್ಗೆ ಏಳಕ್ಕೆ ಮೊದಲೇ ಅಲ್ಲಿರಿ. ಶನಿವಾರ, ಭಾನುವಾರ ಮಧೂರಿನ ಜಾತ್ರೆ ನೆನಪಾಗುತ್ತದೆ, ಕುಳಿತುಕೊಳ್ಳುವ ಬೆಂಚಂತೂ ಸಿಗುವುದೇ ಇಲ್ಲ.

ಬೆಳಗಿನ ಚಳಿಗೆ ದಪ್ಪ ಕೋಟು, ಕಿವಿ ಮುಚ್ಚುವ ಟೊಪ್ಪಿ ಬೇಕೇ ಬೇಕು. ನಾನು ಒಯ್ದ ತೆಂಗಿನೆಣ್ಣೆ ಶೀಶೆಯಲ್ಲೇ ಕಲ್ಲಾಗಿತ್ತು. ಇನ್ನೊಂದು, ಹೂ ಕೊಯ್ಯಬೇಡಿ! ಕಾನೂನಿನ ಪ್ರಕಾರ ತಪ್ಪು. ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ಕೊಂಬೆಗೆ ಹೋಗಿತ್ತು. ಮಗಳು ಕೈಗೆ ಒಂದು ಹೊಡೆದಳು.

ಅಲ್ಲಿ 'ಸ್ಟಂಪಿ' ಅಂತ ಒಂದು ಮರ ಇತ್ತು. ಟೊಳ್ಳು ಮೋಟು ಕಾಂಡ, ಹೆಸರಿಗೆ ನಾಲ್ಕು ಕೊಂಬೆ. ನಮ್ಮಲ್ಲಾದರೆ ಎಂದೋ ಸೌದೆ ಮಾಡುತ್ತಿದ್ದರು. ಅಲ್ಲಿ ಅದನ್ನು ನೋಡಲಿಕ್ಕೇ ಜನ ಸಾಲು ನಿಂತಿದ್ದರು, ಬುಡದಲ್ಲಿ ಹೂ ಇಟ್ಟವರೂ ಇದ್ದರು. ಯಾಕೆಂದರೆ ಅದರ ಕೊನೆಯ ವಸಂತ ಅದು. ಕೆರೆಯ ದಂಡೆಗೋಡೆ ಕುಸಿದು, ಭರತದ ಹೊತ್ತಿಗೆ ನೀರು ದಿನಕ್ಕೆ ಎರಡು ಸಲ ಮರಗಳ ಬುಡಕ್ಕೇ ಬರುತ್ತಿತ್ತು. ಹೊಸ ಗೋಡೆ ಕಟ್ಟಲಿಕ್ಕೆ ಆ ವರ್ಷ ಮೇ ತಿಂಗಳಲ್ಲಿ ಸ್ಟಂಪಿಯನ್ನೂ ಜೊತೆಗೆ ನೂರಕ್ಕೂ ಹೆಚ್ಚು ಚೆರಿ ಮರಗಳನ್ನೂ ಕಡಿದರು. ಉಪ್ಪಳ, ಮಂಜೇಶ್ವರದ ಕಡಲ್ಕೊರೆತ ನೋಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಡಿಯುವ ಮೊದಲು ಸ್ಟಂಪಿಯ ಕಡ್ಡಿ ತೆಗೆದು ಗಿಡ ಮಾಡಲಿಕ್ಕೆ ಕೊಟ್ಟಿದ್ದಾರೆ. ಕಾಟು ಮಾವಿನ ಒಳ್ಳೆ ಮರ ಬೀಳುವ ಮೊದಲು ನಾವು ಕಸಿಗೆ ಕಡ್ಡಿ ತೆಗೆದಿಡುವುದಿಲ್ಲವಾ, ಹಾಗೆ.

ತೋಟದ ನೀರಿನ ಬಗ್ಗೆ ನನ್ನನ್ನು ಕೇಳಬೇಡಿ. ನಮ್ಮ ಮನೆಯವರು ನನ್ನ ಜೊತೆ ಬಾರದೆ ಉಳಿದದ್ದೇ ಆ ಸ್ಪ್ರಿಂಕ್ಲರಿನ ದೆಸೆಯಿಂದ.

ಪ್ರಶ್ನೆ: ಅಮೆರಿಕದಿಂದ ಬರುವ ತಮ್ಮನ ಹತ್ತಿರ ಒಂದು ಚೆರಿ ಗಿಡ ತರಿಸಿ ಅಂಗಳದಲ್ಲಿ ನೆಡಬೇಕು ಅಂತ ಆಸೆ. ಬದುಕುತ್ತದಾ?
– ಉಪ್ಪಳದ ಓದುಗರು

ಉತ್ತರ: ಬೇಡಮ್ಮ. ಆ ಮರಕ್ಕೆ ಹೂ ಬಿಡಲಿಕ್ಕೆ ಮೊದಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಧನುರ್ಮಾಸದ ಚಳಿ ಅದಕ್ಕೆ ಯಾವ ಲೆಕ್ಕಕ್ಕೂ ಇಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳು, ಬಾವಲಿಗಳು ತಿನ್ನುವ 'ಚೆರಿ' ಇದೆಯಲ್ಲ, ಸಿಂಗಾಪುರ ಚೆರಿ, ಅದು ಬೇರೆಯೇ ಮರ. ಬೆಂಗಳೂರಿನ ರಸ್ತೆಯಲ್ಲಿ ಗುಲಾಬಿ ಹೂ ನೋಡಿ ಚೆರಿ ಅಂತ ಫೋಟೋ ಕಳಿಸುತ್ತಾರಲ್ಲ, ಅದು ಟಬೂಬಿಯಾ.

ಮತ್ತೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಗಿಡ ತರುವುದು ಸರಿಯೂ ಅಲ್ಲ. ವಾಷಿಂಗ್ಟನ್ನಿಗೆ ಈ ಮರ ಬಂದ ಕಥೆಯೇ ಇದಕ್ಕೆ ಸಾಕ್ಷಿ. ಎಲೈಜಾ ಸಿಡ್‌ಮೋರ್ ಅಂತ ಒಬ್ಬಾಕೆ ಜಪಾನಿನಲ್ಲಿ ಈ ಹೂ ನೋಡಿ ಬಂದು, 1885ರಿಂದ ಅಧಿಕಾರಿಗಳ ಬೆನ್ನು ಬಿದ್ದಳು. ಇಲ್ಲಿಯೂ ನೆಡಿ, ಇಲ್ಲಿಯೂ ನೆಡಿ ಅಂತ. ಇಪ್ಪತ್ತನಾಲ್ಕು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ರಸ್ತೆಗೆ ಅರ್ಜಿ ಕೊಟ್ಟ ಹಾಗೆ. ಕೊನೆಗೆ ಅಧ್ಯಕ್ಷ ಟ್ಯಾಫ್ಟ್ ಅವರ ಹೆಂಡತಿ ಹೆಲೆನ್ ಆಸಕ್ತಿ ತೋರಿಸಿದ ಮೇಲೆ ಕೆಲಸ ಆಯಿತು. 1910ರಲ್ಲಿ ಟೋಕಿಯೋದಿಂದ ಎರಡು ಸಾವಿರ ಗಿಡ ಬಂತು. ಬಿಚ್ಚಿ ನೋಡಿದರೆ ಹುಳ, ಬೇರಿಗೆ ರೋಗ. ಉಡುಗೊರೆ ಅಂತ ನೋಡದೆ ಎಲ್ಲವನ್ನೂ ಸುಟ್ಟರು. ಜಪಾನಿನವರು ಸಿಟ್ಟು ಮಾಡಿಕೊಳ್ಳಲಿಲ್ಲ, ಚೆನ್ನಾಗಿ ಬೆಳೆಸಿದ 3,020 ಗಿಡ 1912ರಲ್ಲಿ ಮತ್ತೆ ಕಳಿಸಿದರು. ಆ ವರ್ಷ ಮಾರ್ಚ್ 27ಕ್ಕೆ ಮೊದಲ ಎರಡು ಗಿಡ ನೆಟ್ಟದ್ದು ಹೆಲೆನ್ ಟ್ಯಾಫ್ಟ್ ಮತ್ತು ಜಪಾನ್ ರಾಯಭಾರಿಯ ಹೆಂಡತಿ. ಅಡಿಕೆಗೆ ಒಂದು ಹೊಸ ರೋಗ ಬಂದರೆ ಏನಾಗುತ್ತದೆ ಅಂತ ನಮಗೆ ಗೊತ್ತಲ್ವಾ? ತಮ್ಮನಿಗೆ ಚಾಕಲೇಟು ತರಲಿಕ್ಕೆ ಹೇಳಿ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿನಿ. ಅಮೆರಿಕಕ್ಕೆ ಹೋಗುವಷ್ಟು ದುಡ್ಡು ಇಲ್ಲ. ನಮ್ಮ ದೇಶದಲ್ಲಿ ಇಂಥ ಹಬ್ಬ ಇಲ್ಲವಾ?
– ಅಡೂರಿನ ಓದುಗಳು

ಉತ್ತರ: ಇದೆ. ಮೇಘಾಲಯದ ಶಿಲ್ಲಾಂಗಿನಲ್ಲಿ. ಅಲ್ಲಿನದು ಹಿಮಾಲಯದ ಕಡೆಯ ಕಾಡು ಚೆರಿ, ಹೂ ಬಿಡುವುದು ವಸಂತದಲ್ಲಿ ಅಲ್ಲ, ನವೆಂಬರಿನಲ್ಲಿ. 2016ರಿಂದ ಹಬ್ಬ ಮಾಡುತ್ತಿದ್ದಾರೆ. ಗುವಾಹಟಿವರೆಗೆ ರೈಲು, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಘಾಟಿ ರಸ್ತೆ. ನಾಲ್ಕು ಗೆಳತಿಯರು ಸೇರಿದರೆ ಖರ್ಚು ಹಗುರ.

ದುಡ್ಡು ಕೂಡುವವರೆಗೆ ನಮ್ಮ ಕಾಸರಗೋಡು ಜಿಲ್ಲೆಯದ್ದೇ ಹೂವಿನ ಹಬ್ಬ ಒಮ್ಮೆ ನೋಡು. ಮೀನ ಮಾಸದಲ್ಲಿ (ಮಾರ್ಚ್-ಏಪ್ರಿಲ್) ನೀಲೇಶ್ವರ, ಚೆರುವತ್ತೂರಿನ ಕಡೆ 'ಪೂರ' ಅನ್ನುವ ಹಬ್ಬ ನಡೆಯುತ್ತದೆ. ಹೆಣ್ಣುಮಕ್ಕಳು ಒಂಬತ್ತು ದಿನ ಕಾಮದೇವನಿಗೆ ಹೂ ಹಾಕುತ್ತಾರೆ. ಕೊನೆಯ ದಿನ ಆ ಹೂವನ್ನೆಲ್ಲ ಹಲಸಿನ ಮರದ ಬುಡಕ್ಕೆ ಒಯ್ದು ಅವನನ್ನು ಕಳಿಸಿಕೊಡುತ್ತಾರೆ. ಬರುವ ವರ್ಷ ಬೇಗ ಬಾ ಕಾಮಾ ಅಂತ ಹೇಳಿ ಕಳಿಸುವುದು. ಕಾಸರಗೋಡಿನಿಂದ ಬಸ್ಸೇ ಇದೆ.