‘ಸಿಕ್’ ಎಂದು ದಾಖಲಾದ ದಣಿವು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಿರಲೆಂದು ವಯಸ್ಸು, ಕುಟುಂಬದ ವಿವರ, ಹಾರಾಟದ ಮಾರ್ಗ, ದಿನಗಳನ್ನು ಬದಲಿಸಿದ್ದೇವೆ. ರಘು ಎಂಬುದು ನಾವಿಟ್ಟ ಹೆಸರು.

ರಘು ಬೆಂಗಳೂರಿನಿಂದ ಹಾರುವ ಕೋ-ಪೈಲಟ್. ಮೂವತ್ತು ದಾಟಿದೆ, ಎರಡು ವರ್ಷದ ಮಗು, ಪೈಲಟ್ ತರಬೇತಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಹೆಂಡತಿಯ ಒತ್ತಾಯಕ್ಕೆ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದಿದ್ದರು. “ಇವರು ಮನೇಲಿದ್ದ ದಿನಾನೂ ಇದ್ದ ಹಾಗಿರಲ್ಲ ಮೇಡಂ. ಮಗು ಅತ್ತರೆ ರೇಗ್ತಾರೆ, ಆಮೇಲೆ ತಾವೇ ಕಣ್ಣೀರು ಹಾಕ್ತಾರೆ” ಎಂದರು ಆಕೆ. ರಘು ಕೇಳಿದ ಮೊದಲ ಪ್ರಶ್ನೆ ಬೇರೆ: “ಇಲ್ಲಿಗೆ ಬಂದಿದ್ದು ಗೊತ್ತಾದ್ರೆ ನನ್ನ ಮೆಡಿಕಲ್ ಹೋಗುತ್ತಾ?”

ಮೆಡಿಕಲ್ ಎಂದರೆ ಹಾರಲು ಬೇಕಾದ ವೈದ್ಯಕೀಯ ಅರ್ಹತಾ ಪತ್ರ. ಪೈಲಟ್‌ಗಳು ಬಂದಾಗ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಲಾಗದು. ನಾವು ಹೇಳಿದ್ದಿಷ್ಟು: ಇಲ್ಲಿ ಆಡಿದ ಮಾತು ಕಂಪನಿಗೂ ಹೋಗುವುದಿಲ್ಲ, ಯೂನಿಯನ್‌ಗೂ ಹೋಗುವುದಿಲ್ಲ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಕಂಡರೆ ಮಾತ್ರ ನಾವು ಸುಮ್ಮನಿರಲಾರೆವು, ಆಗಲೂ ಮೊದಲು ನಿಮಗೇ ತಿಳಿಸುತ್ತೇವೆ. ದುಡಿಮೆಯ ದಣಿವು ಕಾಯಿಲೆಯಲ್ಲ. ಆದರೆ ದಣಿವಿನ ಹಿಂದೆ ಖಿನ್ನತೆಯೋ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯೋ ಇದ್ದರೆ ಅದನ್ನು ಬಚ್ಚಿಟ್ಟು ಹಾರುವುದು ತಪ್ಪು. ಮೊದಲ ಎರಡು ಭೇಟಿ ಅದನ್ನು ಪರೀಕ್ಷಿಸುವುದಕ್ಕೇ ಹೋಯಿತು. ಖಿನ್ನತೆ ಇರಲಿಲ್ಲ, ಗೊರಕೆಯೂ ಇರಲಿಲ್ಲ. ಇದ್ದದ್ದು ನಿದ್ದೆಯ ಬಾಕಿ ಮತ್ತು ಸಿಟ್ಟು.

ಒಂದು ವಾರದ ರೋಸ್ಟರನ್ನು, ಅಂದರೆ ಡ್ಯೂಟಿ ಪಟ್ಟಿಯನ್ನು, ಹಾಳೆಯ ಮೇಲೆ ಬರೆಸಿದೆವು. ಸೋಮವಾರ, ಮಂಗಳವಾರ ಬೆಳಿಗ್ಗೆ 6:10ಕ್ಕೆ ರಿಪೋರ್ಟಿಂಗ್. ಮನೆ ನಗರದ ದಕ್ಷಿಣದ ತುದಿಯಲ್ಲಿ, ನಿಲ್ದಾಣ ದೇವನಹಳ್ಳಿಯಲ್ಲಿ. ಹಾಗಾಗಿ ಪಿಕಪ್ 4:30ಕ್ಕೆ, ಏಳುವುದು 3:30ಕ್ಕೆ. ಬುಧವಾರ ಬಿಡುವು. ಗುರುವಾರ, ಶುಕ್ರವಾರ ರಾತ್ರಿ 10:40ಕ್ಕೆ ರಿಪೋರ್ಟಿಂಗ್, ಕೋಲ್ಕತ್ತಕ್ಕೆ ಹೋಗಿ ಬೆಳಗಿನ ಜಾವ 5:35ಕ್ಕೆ ವಾಪಸ್ ಇಳಿಯುವುದು. ಎರಡೇ ಲ್ಯಾಂಡಿಂಗ್, ಡ್ಯೂಟಿ ಹತ್ತು ಗಂಟೆಯ ಒಳಗೆ, ಆಮೇಲೆ 48 ಗಂಟೆಯ ವಾರದ ವಿಶ್ರಾಂತಿ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಪರಿಷ್ಕರಿಸಿ, 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತವಾಗಿ ಜಾರಿಗೆ ಬಂದ, ಪೈಲಟ್‌ಗಳ ಡ್ಯೂಟಿ ಮತ್ತು ವಿಶ್ರಾಂತಿಯ ನಿಯಮಕ್ಕೆ ಇದು ಹೊಂದುತ್ತದೆ. ಕಾಗದದಲ್ಲಿ ತಪ್ಪು ಹುಡುಕಿದರೆ ಸಿಗದು.

ತಪ್ಪು ಗಡಿಯಾರದಲ್ಲಿದೆ. ಎರಡು ದಿನ ಮೂರೂವರೆಗೆ ಎದ್ದ ದೇಹ ಬೇಗ ಮಲಗುವುದಕ್ಕೆ ಒಗ್ಗಲು ಹೊರಟಿರುತ್ತದೆ. ಗುರುವಾರ ಅದನ್ನೇ ಬೆಳಗಿನವರೆಗೆ ಎಚ್ಚರವಿರು ಎನ್ನುತ್ತೇವೆ. ಗುರುವಾರ ಬೆಳಿಗ್ಗೆ 7:30ಕ್ಕೆ ಎದ್ದ ರಘುವಿಗೆ ಸಂಜೆ ಸಿಕ್ಕಿದ್ದು ನಲವತ್ತು ನಿಮಿಷದ ಜೋಂಪು. ವಿಮಾನ ಇಳಿಸುವ ಹೊತ್ತಿಗೆ ಎದ್ದು 22 ಗಂಟೆ ಆಗಿತ್ತು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯಾಂಶ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಅಳೆದು ತೋರಿಸಿದ್ದಾರೆ. ಇಳಿಯುವ ಹೊತ್ತೋ, ನಡುರಾತ್ರಿ 2ರಿಂದ 6ರ ನಡುವಿನದು, ದೇಹ ಅತಿ ಮಂಕಾಗಿರುವ ಅವಧಿ. ಶುಕ್ರವಾರ ಹಗಲು ಪಕ್ಕದ ಕಟ್ಟಡದ ಕಾಮಗಾರಿಯ ಸದ್ದಿನಲ್ಲಿ ಮೂರೂಮುಕ್ಕಾಲು ಗಂಟೆ ನಿದ್ದೆ. ಆ ರಾತ್ರಿಯ ಕೊನೆಯಲ್ಲಿ ಕಂಟ್ರೋಲರ್ ಎತ್ತರ 9000 ಅಡಿ ಎಂದದ್ದನ್ನು ರಘು 7000 ಎಂದು ಇಟ್ಟರು. ಕ್ಯಾಪ್ಟನ್ ಕೂಡಲೇ ಹಿಡಿದು ಸರಿಮಾಡಿದರು. ಏನೂ ಆಗಲಿಲ್ಲ, ಆದರೆ ಆ ಅಂಕಿ ಅವರ ಕಣ್ಣಮುಂದಿನಿಂದ ಹೋಗಲಿಲ್ಲ.

ತಿಂಗಳ ನಂತರ ಡ್ಯೂಟಿಗಳ ಅದೇ ಜೋಡಣೆ ಮತ್ತೆ ಬಂತು. ಶುಕ್ರವಾರ ಸಂಜೆ ಡ್ಯೂಟಿ ಹಂಚುವ ಕ್ರೂ ಶೆಡ್ಯೂಲಿಂಗ್‌ಗೆ ರಘು ಫೋನ್ ಮಾಡಿ ‘ಫಟೀಗ್’, ಅಂದರೆ ಹಾರಲಾಗದಷ್ಟು ದಣಿವು, ಎಂದರು. “ಸಿಕ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಬನ್ನಿ” ಎಂಬ ಉತ್ತರ ಬಂತು. ರಘು ಸಿಕ್, ಅಂದರೆ ಕಾಯಿಲೆ, ಎಂದೇ ಹೇಳಿದರು. ಮರುದಿನ ವೈದ್ಯರ ಸರ್ಟಿಫಿಕೇಟ್ ಕೇಳಿ ಮೇಲ್ ಬಂತು. ಕೆರಳಿದ ರಘು ಫಟೀಗ್ ವರದಿ ತುಂಬಿ ಕಳಿಸಿದರು. ಅದಾದ ಮೇಲೆ ‘ಮಾತುಕತೆಗೆ ಬನ್ನಿ’ ಎಂದು ಕಚೇರಿಯಿಂದ ಕರೆ. ಇನ್ನೊಂದು ಕಡೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಓಡಾಡುತ್ತಿತ್ತು: ಮುಂದಿನ ಶನಿವಾರ ಎಲ್ಲರೂ ಒಟ್ಟಿಗೆ ಸಿಕ್ ಹಾಕೋಣ.

ಅವರು ಕಳಿಸಿದ್ದ ವರದಿಯನ್ನು ಓದಿದೆವು. ಎರಡು ಪುಟ. ‘ಅಮಾನವೀಯ ರೋಸ್ಟರ್’, ‘ಲಾಭಕ್ಕಾಗಿ ನಮ್ಮನ್ನು ಹಿಂಡುತ್ತಿದ್ದೀರಿ’ ಎಂಬ ಮಾತುಗಳಿದ್ದವು. ಎಷ್ಟು ಗಂಟೆ ನಿದ್ದೆ ಮಾಡಿದ್ದರು ಎಂಬುದು ಎಲ್ಲೂ ಇರಲಿಲ್ಲ, 9000 ಅಡಿಯ ಪ್ರಸಂಗವೂ ಇರಲಿಲ್ಲ. ದೂರಿನ ಧಾಟಿಯಲ್ಲಿ ಬರೆದದ್ದನ್ನು ಕಚೇರಿ ದೂರೆಂದೇ ತೆಗೆದುಕೊಂಡಿತ್ತು. ರಘುವಿನ ಸಿಟ್ಟು ನ್ಯಾಯದ್ದೇ. ಅದಕ್ಕೆ ಜಾಗ ಯೂನಿಯನ್ನಿನ ಪತ್ರದಲ್ಲಿದೆ. ಸುರಕ್ಷತಾ ವಿಭಾಗದವರಿಗೆ ರೋಸ್ಟರ್ ಬದಲಿಸಲು ಬೇಕಾದದ್ದು ಅಂಕಿ. ಎರಡನ್ನೂ ಒಂದೇ ಹಾಳೆಯಲ್ಲಿ ಸುರಿದರೆ ಎರಡೂ ಕೆಡುತ್ತವೆ. ನಮ್ಮ ಸಲಹೆಯೆಲ್ಲ ಇದರ ಸುತ್ತ ನಿಂತಿತು.

ವರದಿಯನ್ನು ಮತ್ತೆ ಬರೆಸಿದೆವು. ಕೊನೆಗೆ ಆದ ರೂಪ ಹೀಗಿತ್ತು:

“ಡ್ಯೂಟಿಗೆ ಮುನ್ನ 24 ಗಂಟೆಯಲ್ಲಿ ನಿದ್ದೆ 3 ಗಂಟೆ 45 ನಿಮಿಷ, 48 ಗಂಟೆಯಲ್ಲಿ ಒಟ್ಟು 11 ಗಂಟೆ. ಫೋನ್ ಮಾಡಿದ್ದು ಸಂಜೆ 6:20ಕ್ಕೆ. ಏಳು ಅಂಕಗಳ ದಣಿವಿನ ಮಾಪಕದಲ್ಲಿ 6. ಕಾರಣ: ನಸುಕಿನ ಎರಡು ಡ್ಯೂಟಿಗಳ ನಂತರ ಒಂದೇ ದಿನದ ಅಂತರದಲ್ಲಿ ಸತತ ಎರಡು ರಾತ್ರಿ ಡ್ಯೂಟಿ. ಇದೇ ಜೋಡಣೆಯಲ್ಲಿ ಹಿಂದಿನ ತಿಂಗಳು ಎತ್ತರ ತಪ್ಪಾಗಿ ಇಟ್ಟದ್ದು, ಕ್ಯಾಪ್ಟನ್ ಸರಿಮಾಡಿದ್ದು. ತಗ್ಗಿಸಲು ಮಾಡಿದ್ದು: ಸಂಜೆ ಜೋಂಪು, ಕತ್ತಲೆ ಕೋಣೆ. ಸೂಚನೆ: ನಸುಕಿನಿಂದ ರಾತ್ರಿಗೆ ತಿರುಗುವಾಗ ಎರಡು ಪೂರ್ಣ ದಿನಗಳ ಅಂತರ.”

ಇದನ್ನು ಕಂಪನಿಯ ಸುರಕ್ಷತಾ ವ್ಯವಸ್ಥೆಯ ಮೂಲಕವೇ ಹಾಕಿ, ಸಲ್ಲಿಸಿದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ ಎಂದೆವು. ಪರಿಷ್ಕೃತ ನಿಯಮದಂತೆ ವಿಮಾನಯಾನ ಕಂಪನಿಗಳು ಫಟೀಗ್ ವರದಿಗಳನ್ನೂ ಕೈಗೊಂಡ ಕ್ರಮವನ್ನೂ ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ಒಪ್ಪಿಸಬೇಕು. ‘ಸಿಕ್’ ಎಂದು ಬರೆಸಿದ ದಣಿವು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಸಿಕ್ ಲೀವ್ ಕಳೆಯುತ್ತದೆ, ರೋಸ್ಟರ್ ಹಾಗೇ ಉಳಿಯುತ್ತದೆ. ಆದ್ದರಿಂದ ಮುಂದಿನ ಸಲ ಫೋನಿನಲ್ಲಿ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಸಿದೆವು: “ನನಗೆ ಕಾಯಿಲೆ ಇಲ್ಲ. ದಣಿವಿನಿಂದ ಹಾರಲು ಅರ್ಹನಲ್ಲ. ಫಟೀಗ್ ಎಂದೇ ದಾಖಲಿಸಿ, ವರದಿ ಕಳಿಸುತ್ತೇನೆ.” ಇಟ್ಟ ಮೇಲೆ ಅದೇ ಮಾತು ಮೇಲ್‌ನಲ್ಲಿ, ಫೋನ್ ಎತ್ತಿದವರ ಹೆಸರು ಮತ್ತು ಸಮಯದ ಜೊತೆ. ದಣಿದಿದ್ದೇನೆಂದು ಗೊತ್ತಿದ್ದೂ ಹಾರಬಾರದೆಂಬ ಹೊಣೆಯನ್ನು ನಿಯಮ ಪೈಲಟ್ ಮೇಲೂ ಹೊರಿಸಿದೆ. ಇದನ್ನು ಕೇಳಿದಾಗ ರಘುವಿನ ಮುಖ ಸ್ವಲ್ಪ ಸಡಿಲಾಯಿತು. ಅಷ್ಟು ದಿನ ಅವರಿಗೆ ತಾವು ನೆಪ ಹೇಳಿದಂತೆ ಅನಿಸುತ್ತಿತ್ತು.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘ ಹೊತ್ತು ನಿದ್ದೆ ಮಾಡಿದ್ದನ್ನೂ, ಎಚ್ಚರವಾದ ಮೇಲೂ ಉಳಿಯುವ ನಿದ್ದೆಮಂಪರನ್ನೂ ತನಿಖಾ ವರದಿ ಎತ್ತಿ ಹೇಳಿತು. ವಿಮಾನವನ್ನು ಮತ್ತೆ ಮೇಲೇರಿಸಿ ಎಂದು ಕೋ-ಪೈಲಟ್ ಮೂರು ಸಲ ಹೇಳಿದ್ದರು. ಹಾರುವುದಿಲ್ಲ ಎನ್ನುವ ಫೋನ್ ಕರೆಗೆ ಇರುವ ತೂಕ ಇದು.

ಕಚೇರಿಯ ‘ಮಾತುಕತೆ’ಗೆ ಒಬ್ಬರೇ ಹೋಗಬೇಡಿ ಎಂದೆವು. ಕರೆದ ವಿಷಯವನ್ನು ಬರಹದಲ್ಲಿ ಕೇಳಬೇಕು, ಯೂನಿಯನ್ ಪ್ರತಿನಿಧಿಯನ್ನು ಜೊತೆಗೆ ಕರೆದೊಯ್ಯಲು ಅನುಮತಿ ಕೋರಬೇಕು, ಹೊರಬಂದ ದಿನವೇ ನಡೆದದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಬೇಕು. ಅಲ್ಲೇ ಸಹಿ ಕೇಳಿದರೆ ‘ಓದಿ ನಾಳೆ ಕೊಡುತ್ತೇನೆ’ ಎಂದರೆ ಸಾಕು. ಸಿಟ್ಟಿನಲ್ಲಿ ರಾಜೀನಾಮೆ ಎಸೆಯುವ ಯೋಚನೆಯೂ ಅವರಿಗಿತ್ತು. ಕೋ-ಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ ನೋಟಿಸ್ ಅವಧಿ ಇರುವುದನ್ನು 2017ರ ನಿಯಮದಲ್ಲಿ ತೋರಿಸಿದ ಮೇಲೆ ಆ ಮಾತು ನಿಂತಿತು.

ಸಾಮೂಹಿಕ ಸಿಕ್ ವಿಷಯದಲ್ಲಿ ನಾವು ಬಳಸು ಮಾತಾಡಲಿಲ್ಲ: ಸೇರಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಬೇಕು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಒಟ್ಟಿಗೆ ಸಿಕ್ ಹಾಕಿದಾಗ 25 ಜನರನ್ನು ಕೆಲಸದಿಂದ ತೆಗೆದರು; ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಸಂಧಾನ ನಡೆದ ಮೇಲೆ ಆ ಆದೇಶ ಹಿಂತೆಗೆದುಕೊಂಡರು. ಕೊನೆಗೆ ಹೋಗಬೇಕಾದ ಬಾಗಿಲು ಅದೇ ಆಗಿದ್ದರೆ, ಮೊದಲೇ ಅಲ್ಲಿಗೆ ಹೋಗಬಹುದಲ್ಲ. ಪೈಲಟ್ ಕಾನೂನಿನ ಕಣ್ಣಲ್ಲಿ ಕಾರ್ಮಿಕನೇ ಎಂಬ ಹಳೆಯ ತಕರಾರಿನಲ್ಲಿ ದೆಹಲಿ ಹೈಕೋರ್ಟ್ ಪೈಲಟ್‌ಗಳ ಪರ ತೀರ್ಪು ಕೊಟ್ಟಿದೆ, ಆದರೆ ಇದನ್ನು ಹೇಗೆ ಬಳಸಬೇಕೆಂಬುದು ಯೂನಿಯನ್ನಿನ ವಕೀಲರ ಕೆಲಸ. ನಮಗೆ ಇನ್ನೂ ದೊಡ್ಡದಾಗಿ ಕಂಡ ನಷ್ಟವೊಂದಿದೆ: ಸುಳ್ಳು ಸಿಕ್ ಒಂದು ಸಲ ಬಯಲಾದರೆ ನಾಳೆ ನಿಜಕ್ಕೂ ದಣಿದವರ ಮಾತನ್ನೂ ಯಾರೂ ನಂಬುವುದಿಲ್ಲ.

ಬದಲಿಗೆ ರಘುವಿಗೊಂದು ಕೆಲಸ ಕೊಟ್ಟೆವು. ಅದೇ ಜೋಡಣೆ ಹಾರಿದ ಹತ್ತು ಜನರನ್ನು ಹುಡುಕಿ, ಪ್ರತಿಯೊಬ್ಬರೂ ತಮ್ಮ ವರದಿಯನ್ನು ತಾವೇ, ಅಂಕಿಗಳ ಸಮೇತ ಹಾಕುವಂತೆ ಮಾಡಿ. ಯೂನಿಯನ್ನಿನವರು ಪೈಲಟ್‌ಗಳ ಹೆಸರು ತೆಗೆದು, ಪಟ್ಟಿ ಮಾಡಿ ಸುರಕ್ಷತಾ ವಿಭಾಗದ ಮುಂದಿಡಲಿ.

ಮನೆಯ ಮಟ್ಟಿಗೆ ಬಹಳ ಬದಲಾವಣೆ ಬೇಕಾಗಲಿಲ್ಲ. ನಿದ್ದೆ ಬರಲೆಂದು ಅವರು ಅವಿಲ್ ಮಾತ್ರೆ ನುಂಗುತ್ತಿದ್ದರು. ಅದರ ಮಂಪರು ಮರುದಿನಕ್ಕೂ ಉಳಿಯುತ್ತದೆ. ತಕ್ಷಣ ನಿಲ್ಲಿಸಿ, ಯಾವ ಮಾತ್ರೆಯಾದರೂ ವಿಮಾನಯಾನ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ ಎಂದೆವು. ಮೊದಲ ರಾತ್ರಿ ಡ್ಯೂಟಿಯ ಮಧ್ಯಾಹ್ನ ಎರಡರಿಂದ ಐದರವರೆಗೆ ಹಾಸಿಗೆ, ನಿದ್ದೆ ಬರದಿದ್ದರೂ ಕತ್ತಲಲ್ಲಿ ಮಲಗಿರುವುದು. ಕಾಫಿ ರಾತ್ರಿ ಒಂದರ ನಂತರ ಬೇಡ, ಅದರ ಅರ್ಧ ಪಾಲು ಐದಾರು ಗಂಟೆ ಮೈಯಲ್ಲೇ ಇರುತ್ತದೆ. ಬೆಳಿಗ್ಗೆ ವಾಪಸ್ ಬರುವಾಗ ಕಪ್ಪು ಕನ್ನಡಕ, ಕಾರನ್ನು ತಾವೇ ಓಡಿಸಬಾರದು. ಕಾಮಗಾರಿ ಮುಗಿಯುವವರೆಗೆ ಹಗಲು ನಿದ್ದೆಗೆ ಅತ್ತೆಮನೆಯ ಹಿಂದಿನ ಕೋಣೆ. ಇದು ಹೆಂಡತಿಯ ಸಲಹೆ, ನಮಗೆ ಹೊಳೆದಿರಲಿಲ್ಲ.

ಆರು ವಾರದ ನಂತರ ಹನ್ನೊಂದು ವರದಿಗಳು ಸೇರಿದ್ದವು. ನಸುಕು-ರಾತ್ರಿ ಜೋಡಣೆಯಲ್ಲಿ ಅಂತರ ಒಂದು ದಿನ ಹೆಚ್ಚಾಗಿದೆ. ಆ ಶುಕ್ರವಾರದ ‘ಸಿಕ್’ ಅನ್ನು ಫಟೀಗ್ ಎಂದು ತಿದ್ದಬೇಕೆಂಬ ರಘುವಿನ ಅರ್ಜಿ ಕುಂದುಕೊರತೆ ಸಮಿತಿಯ ಮುಂದಿದೆ, ಇತ್ಯರ್ಥವಾಗಿಲ್ಲ. ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬರುತ್ತಾರೆ. ವಾರದ ವಿಶ್ರಾಂತಿಯ ಎರಡನೇ ದಿನ, ಮಧ್ಯಾಹ್ನ ಮೂರಕ್ಕೆ ಇಟ್ಟುಕೊಂಡಿದ್ದೇವೆ. ಮೊದಲ ದಿನ ಅವರು ಮಲಗಲಿ.