ಸೋತ ಹುಡುಗನ ಮೇಲೆ ಖರ್ಚು ಹೊರಿಸಬೇಕೇ?

ಥಾಣೆಯಿಂದ ಒಬ್ಬರು ಬರೆದಿದ್ದಾರೆ: "ನಮ್ಮದು ಸಣ್ಣ ಹೋಟೆಲ್. ಕೆಲಸದಿಂದ ತೆಗೆದ ಹುಡುಗನನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಲೇಬರ್ ಕೋರ್ಟ್ ಹೇಳಿತು. ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಗೆದ್ದವನು ನಾನು, ವಕೀಲರ ಫೀಸೂ ನನ್ನದೇ. ಖರ್ಚನ್ನು ಅವನಿಂದ ಕೊಡಿಸಬೇಕಿತ್ತು, ಅಲ್ವಾ?"

ಸಂಪಾದಕರ ಉತ್ತರ: ನಿಮ್ಮ ಸಂಕಟ ಸುಳ್ಳಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮು ಕೂಡ ನಿಮ್ಮ ಕಡೆಗೇ ವಾಲುತ್ತದೆ. ಗೆದ್ದವರಿಗೆ ಖರ್ಚು ಕೊಡಿಸದಿದ್ದರೆ ಕೋರ್ಟು ಕಾರಣ ಬರೆಯಬೇಕು.

ಆದರೆ ಆ ಹುಡುಗ ಮಾಡಿದ ತಪ್ಪೇನು? ಆದೇಶ ಬರೆದವನು ಅವನಲ್ಲ. ಹೈಕೋರ್ಟಿನ ಮೆಟ್ಟಿಲು ಮೊದಲು ಹತ್ತಿದವನೂ ಅವನಲ್ಲ. ನೀವು ಗಲ್ಲಾದಲ್ಲಿ ಕೂತು ಅನುಭವ ಇರುವವರು. ಅಡುಗೆಯವನು ಉಪ್ಪು ಜಾಸ್ತಿ ಹಾಕಿದರೆ ಊಟ ಮಾಡಿದವನಿಗೆ ದಂಡ ಹಾಕುತ್ತೀರಾ?

ಬಹಳ ವರ್ಷದ ಹಿಂದೆ ಮುಂಬೈ ಫೋರ್ಟಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕುಂದಾಪುರದ ಕಡೆಯ ಕಾರ್ಮಿಕನೊಬ್ಬ ಸಿಕ್ಕಿದ್ದ. ಪ್ಲಾಸ್ಟಿಕ್ ಚೀಲದ ತುಂಬ ಕಾಗದ. ಒಂದೊಂದೇ ಹಾಳೆ ಎಣಿಸಿ, "ಇದು ಬೇಕಾ, ಬಿಡಬಹುದಾ?" ಅಂತ ನನ್ನನ್ನು ಕೇಳಿದ. ಕೈಯಲ್ಲಿದ್ದದ್ದು ಅವನ ಪರವಾಗಿ ಬಂದ ಆದೇಶದ ಕೊನೆಯ ಪುಟ. "ಗೆದ್ದ ಮೇಲೂ ಯಾಕೆ ಸರ್ ದುಡ್ಡು ಹಾಕಬೇಕು?" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಯ್ದೆ ಬರೆದವರಿಗೆ ಈ ಕಷ್ಟ ಗೊತ್ತಿತ್ತು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಗೆ 17ಬಿ ಕಲಮು ಸೇರಿಸಿದ್ದು ಅದಕ್ಕೇ. ಮರುನೇಮಕದ ಆದೇಶದ ವಿರುದ್ಧ ಮಾಲೀಕರು ಹೈಕೋರ್ಟಿಗೆ ಹೋದರೆ, ಬೇರೆ ಕೆಲಸವಿಲ್ಲದ ಕಾರ್ಮಿಕನಿಗೆ ಪ್ರಕರಣ ಮುಗಿಯುವ ತನಕ, ಕೊನೆಗೆ ಪಡೆಯುತ್ತಿದ್ದಷ್ಟು ಸಂಬಳ ಕೊಡಬೇಕು. ಮಾಲೀಕರು ಗೆದ್ದರೂ ಅದನ್ನು ವಾಪಸ್ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಅದು ಹೊಟ್ಟೆಪಾಡಿನ ಹಣ. ಅದನ್ನು ಬಲಗೈಯಲ್ಲಿ ಕೊಟ್ಟು, ಖರ್ಚಿನ ಹೆಸರಲ್ಲಿ ಎಡಗೈಯಲ್ಲಿ ಕಿತ್ತುಕೊಂಡರೆ ಏನು ಬಂತು?

ಹಾಗಾದರೆ ನಿಮ್ಮ ದುಡ್ಡು ಯಾರು ಕೊಡಬೇಕು? ಸರ್ಕಾರ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1951ರಿಂದ ಒಂದು ನಿಧಿ ಇದೆ. ಕೆಳಗಿನ ಕೋರ್ಟು ಕಾನೂನಿನ ವಿಷಯದಲ್ಲಿ ಎಡವಿ, ಮೇಲ್ಮನವಿಯಲ್ಲಿ ತೀರ್ಪು ಬಿದ್ದರೆ, ಸೋತವರ ತಲೆ ಮೇಲೆ ಬೀಳುವ ಖರ್ಚಿಗೆ ಆ ನಿಧಿಯಿಂದ ಸಹಾಯ ಸಿಗಬಹುದು. ಅದಕ್ಕೆ ಹಣ ಕೋರ್ಟ್ ಫೀಯಿಂದಲೇ ಬರುತ್ತದೆ. ನಮ್ಮಲ್ಲೂ ಸ್ಟ್ಯಾಂಪ್ ಹಚ್ಚಿ ಹಚ್ಚಿ ಜನ ಸೋತಿದ್ದಾರೆ. ಆ ದುಡ್ಡಿನಲ್ಲಿ ಒಂದು ಪಾಲು ಹೀಗೆ ತೆಗೆದಿಡಲು ಏನು ಅಡ್ಡಿ? ವಿನಾಕಾರಣ ದಾವೆ ಹಾಕಿದವರಿಂದ ಕೊಡಿಸುವ ಪರಿಹಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಲ್ಲಿ, ವಾಣಿಜ್ಯ ವ್ಯಾಜ್ಯ ಬಿಟ್ಟರೆ, ಇವತ್ತಿಗೂ 3,000 ರೂಪಾಯಿಯ ಮಿತಿ. ಇಂಥದ್ದನ್ನು ತಿದ್ದಲು ಯಾರಿಗೂ ಪುರುಸೊತ್ತಿಲ್ಲ. ನಿಮ್ಮ ಸಿಟ್ಟು ಹೋಗಬೇಕಾದದ್ದು ಅಲ್ಲಿಗೆ.

ಅಂದ ಹಾಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗುತ್ತಾರೆ, ವರಮಾನ ಎಷ್ಟೇ ಇರಲಿ. ಆ ಹುಡುಗನಿಗೆ ಇದನ್ನು ಯಾರಾದರೂ ಹೇಳಿದ್ದರಾ? ಈಗ ಅವನು ಎಲ್ಲಿದ್ದಾನೆ? ಗೊತ್ತಿದ್ದರೆ ಬರೆಯಿರಿ.