ಟೆಲಿಸ್ಕೋಪ್ ಈಗಲೇ ಕೊಡಿಸಬೇಡಿ

ಸಾರ್, ಮಗಳು ಸಾಗರದಲ್ಲಿ ಬಿ.ಎಸ್ಸಿ ಎರಡನೇ ವರ್ಷ, ಖಗೋಳ ಸಂಶೋಧನೆ ಮಾಡ್ತೀನಿ ಅಂತಾಳೆ, ಮೊದಲು ಟೆಲಿಸ್ಕೋಪ್ ಕೊಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ತೀರ್ಥಹಳ್ಳಿಯಲ್ಲಿ ಒಂದು ತಂದಿಟ್ಟುಕೊಂಡು ನಾನು ಪಟ್ಟ ಪಾಡು ಸಾಕು. ಮಳೆಗಾಲದಲ್ಲಿ ನಕ್ಷತ್ರ ಹಾಗಿರಲಿ, ಎದುರಿನ ಅಡಿಕೆ ಮರವೇ ಕಾಣುವುದಿಲ್ಲ. ದೀಪಾವಳಿಗೆ ಪೆಟ್ಟಿಗೆ ತೆಗೆದರೆ ಲೆನ್ಸ್ ಮೇಲೆಲ್ಲ ಜೇಡರ ಬಲೆ ತರ ಬೂಸ್ಟು!

ಅಲ್ಲದೆ ಈಗಿನ ಸಂಶೋಧಕರು ಕೊಳವೆಗೆ ಕಣ್ಣಿಟ್ಟು ನೋಡುವುದೇ ಇಲ್ಲ ಅನ್ನಬಹುದು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಟೆಲಿಸ್ಕೋಪ್ ಇದೆ ಅಲ್ವಾ, ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಉಳಿದ ಕೆಲಸವೆಲ್ಲ ಕಂಪ್ಯೂಟರ್ ಮುಂದೆ. 2015ರಲ್ಲಿ ಇಸ್ರೋ ಹಾರಿಸಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿಯನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಆ ದುಡ್ಡಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಿ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯಲಿ.

ಭೌತಶಾಸ್ತ್ರ, ಗಣಿತ ಗಟ್ಟಿಯಾಗಿದ್ದರೆ ಎಂ.ಎಸ್ಸಿಗೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವೇ ಇದೆ, ದೂರ ಹೋಗಬೇಕಂತಿಲ್ಲ. ಆಮೇಲೆ ಪಿಎಚ್.ಡಿಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಜಂಟಿ ಖಗೋಳ ಕಾರ್ಯಕ್ರಮ 1982ರಿಂದ ನಡೆಯುತ್ತಿದೆ. ರಾಮನ್ ಸಂಶೋಧನಾ ಸಂಸ್ಥೆಯೂ ಅಲ್ಲೇ ಸದಾಶಿವನಗರದಲ್ಲಿದೆ. ಇಂಥ ಕಡೆ ಪಿಎಚ್.ಡಿ ಪ್ರವೇಶಕ್ಕೆ ಜೆಸ್ಟ್ ಅಂತ ಪರೀಕ್ಷೆ ಇದೆ, ಹಳೇ ಪ್ರಶ್ನೆಪತ್ರಿಕೆಗಳನ್ನು ಈಗಿನಿಂದಲೇ ಬಿಡಿಸಲಿ. ಪಿಎಚ್.ಡಿಗೆ ಸೇರಿದ ಮೇಲೆ ತಿಂಗಳು ತಿಂಗಳು ಫೆಲೋಶಿಪ್ ಬರುತ್ತೆ, ಖರ್ಚಿನ ಚಿಂತೆ ಜಾಸ್ತಿ ಬೇಡ.

ಆಕಾಶ ನೋಡುವ ಆಸೆಗೆ ಸಣ್ಣ ಬೈನಾಕ್ಯುಲರ್ ಸಾಕು. ಜನವರಿಯಲ್ಲಿ ಕರೆಂಟ್ ಹೋದ ರಾತ್ರಿ ಅಂಗಳಕ್ಕೆ ಬಂದು ಕೃತ್ತಿಕೆ ಕಡೆ ಹಿಡಿಯಲು ಹೇಳಿ.